ಘೋಸ್ಟ್ ವರ್ಲ್ಡೋ, ಪಾಲೊಮಾರೋ?

ಸಣ್ಣ ಊರಿನ ಬದುಕಿನ ಗ್ರಾಫಿಕ್ ಕಾದಂಬರಿ ಒಂದೇ ಕೊಳ್ಳೋದಾದ್ರ ಯಾವುದು ಮಾಮಾ, ಅಂತ ಗಂಗಾವತಿಯಿಂದ ಅಕ್ಕನ ಮಗ ಕೇಳಿದ. ಹಾಗೆ ಚಿತ್ರಗಳಲ್ಲೇ ಕತೆ ಹೇಳುವ ಪುಸ್ತಕ ನನ್ನ ಕಪಾಟಿನಲ್ಲಿ ಎರಡಿವೆ, ಎರಡೂ ಇಂಗ್ಲಿಷಿನವು.

ಡೇನಿಯಲ್ ಕ್ಲೌಸ್ ಅವರ ‘ಘೋಸ್ಟ್ ವರ್ಲ್ಡ್’ (1997) ತೆಳ್ಳಗಿದೆ. ರಾಯಚೂರಿನಲ್ಲಿ ರೈಲು ಹತ್ತಿದರೆ ಗುಂತಕಲ್ ಬರುವಷ್ಟರಲ್ಲಿ ಮುಗಿಯುತ್ತದೆ. ಹೈಸ್ಕೂಲ್ ಮುಗಿಸಿದ ಗೆಳತಿಯರಾದ ಎನಿಡ್, ರೆಬೆಕಾ ಕಂಡವರನ್ನೆಲ್ಲ ಆಡಿಕೊಳ್ಳುತ್ತಾ ತಿರುಗುತ್ತಾರೆ, ನಿಧಾನಕ್ಕೆ ಒಬ್ಬರಿಗೊಬ್ಬರು ದೂರಾಗುತ್ತಾರೆ. ಮಾಸಲು ನೀಲಿ-ಹಸಿರು ಬಣ್ಣ, ಕತ್ತಲ ಕೋಣೆಯಲ್ಲಿ ಟಿವಿ ಬೆಳಕು ಬಿದ್ದಂತೆ.

ಗಿಲ್ಬರ್ಟ್ ಹೆರ್ನಾಂಡೆಜ್ 1980ರ ದಶಕದಲ್ಲಿ ಶುರುಮಾಡಿದ ‘ಪಾಲೊಮಾರ್’ ಕತೆಗಳದ್ದು ಬೇರೆಯೇ ಲೋಕ. ಲ್ಯಾಟಿನ್ ಅಮೆರಿಕದ ಒಂದು ಕಲ್ಪಿತ ಊರು, ಬರೀ ಕಪ್ಪು-ಬಿಳುಪು. ಸೂಲಗಿತ್ತಿ ಚೆಲೋ ಜನರಿಗೆ ಮೈ ತೊಳೆದು ಎರೆದೇ ಹೊಟ್ಟೆ ಹೊರೆಯುತ್ತಾಳೆ. ಅದೇ ಕಸುಬಿಗೆ ಹೊರಗಿನಿಂದ ಲೂಬಾ ಬಂದಳೋ, ಊರೆಲ್ಲ ಗುಸುಗುಸು! ಮುಂದೆ ಚೆಲೋ ಊರ ಶೆರಿಫ್, ಅಂದ್ರೆ ಪೊಲೀಸ್ ಅಧಿಕಾರಿ, ಆಗುತ್ತಾಳೆ. ಹೆಸರು ನೆನಪಿಡೋದು ಕಷ್ಟ, ನಾನೇ ಎರಡು ಸಲ ಹಿಂದಕ್ಕೆ ತಿರುವಿದೆ. ಆದರೆ ಒಗ್ಗರಣಿ-ಮಿರ್ಚಿ ಅಂಗಡಿ ಮುಂದೆ ಕೂತರೆ ಕಿವಿಗೆ ಬೀಳುತ್ತಲ್ಲ, ಆ ಊರ ಸುದ್ದಿಯ ರುಚಿ ಇದರಲ್ಲೇ.

ನನ್ನ ಓಟು ಪಾಲೊಮಾರ್‌ಗೆ. ಊರು ಬಿಡೋ ತವಕ ಇದ್ರ ಮೊದಲನೇದು ತಗೋ. ಯಾವುದೇ ತಗೋ, ಅಕ್ಕನ ಕೈಗೆ ಮಾತ್ರ ಸಿಗದಂಗ ಇಡಪಾ.