ನೀಲಗಿರಿಗೊಂದು, ಸೌದೆಗೊಂದು, ಮಾವಿಗೊಂದು: ಮೂರು ಗರಗಸಗಳ ಹೋಲಿಕೆ

ಶ್ರೀನಿವಾಸಪುರದ ಕಡೆ ಮಾವಿನ ಕೊಯ್ಲು ಮುಗಿಯಿತೆಂದರೆ ಗರಗಸದ ಸದ್ದು ಶುರು. ತೋಟದಲ್ಲಿ ಕೊಂಬೆ ಸವರಬೇಕು, ಬದುವಿನ ನೀಲಗಿರಿ ಉರುಳಿಸಬೇಕು, ಸೌದೆ ತುಂಡು ಮಾಡಬೇಕು. ಈ ಕೆಲಸಗಳಿಗೆ ನಾನು ಮೂರು ಥರದ ಚೈನ್ ಸಾ ಬಳಸಿ ನೋಡಿದ್ದೇನೆ: 18 ಇಂಚು ಬಾರ್‌ನ (ಚೈನ್ ಸುತ್ತುವ ಉದ್ದ ಪಟ್ಟಿ) ಪೆಟ್ರೋಲ್ ಮಿಷನ್, 16 ಇಂಚಿನ ಕರೆಂಟ್ ಮಿಷನ್, 6 ಇಂಚಿನ ಪುಟ್ಟ ಬ್ಯಾಟರಿ ಮಿಷನ್. ಅಂಗಡಿಯವರು ಪವರ್ ಮತ್ತು ಬೆಲೆ ಹೇಳುತ್ತಾರೆ. ಯಾವುದು ಎಲ್ಲಿ ಕೈ ಕೊಡುತ್ತದೆ ಅನ್ನುವುದನ್ನು ಮಾತ್ರ ಹೇಳುವುದಿಲ್ಲ.

ಮೂರರಲ್ಲಿ ನನಗೆ ಹೆಚ್ಚು ಭಯ ಹುಟ್ಟಿಸಿದ್ದು ಪುಟ್ಟದ್ದೇ. ಹಗುರ, ಸದ್ದಿಲ್ಲ, ಗುಂಡಿ ಒತ್ತಿದರೆ ಸಾಕು. ಒಂದು ಕೈಯಲ್ಲಿ ಮಿಷನ್, ಇನ್ನೊಂದು ಕೈಯಲ್ಲಿ ಕೊಂಬೆ ಹಿಡಿಯೋಣ ಅನ್ನಿಸಿಬಿಡುತ್ತದೆ. ಹಾಗೆ ಹಿಡಿದ ಕೈಗೂ ಚೈನ್‌ಗೂ ನಡುವೆ ಉಳಿಯುವುದು ಒಂದು ಗೇಣು. ಇಂಥ ಹಲವು ಮಿಷನ್‌ಗಳಿಗೆ ಚೈನ್ ಬ್ರೇಕ್, ಅಂದರೆ ಮಿಷನ್ ಎಗರಿದಾಗ ಚೈನನ್ನು ತಟ್ಟನೆ ನಿಲ್ಲಿಸುವ ಬ್ರೇಕ್, ಇರುವುದೇ ಇಲ್ಲ. ಮಾವಿನ ಮರದಲ್ಲಿ ಮಣಿಕಟ್ಟು ದಪ್ಪದ ಕೊಂಬೆಗೆ, ಅದೂ ನೆಲದ ಮೇಲೆ ನಿಂತು ಎದೆಮಟ್ಟದಲ್ಲಿ ಕೊಯ್ಯಲು, ಇದಕ್ಕಿಂತ ಸಲೀಸಾದದ್ದಿಲ್ಲ. ಅದಕ್ಕಿಂತ ಮೇಲಿನದಕ್ಕೆ ಉದ್ದ ಕೋಲಿನ ಗರಗಸ ತನ್ನಿ. ಏಣಿ ಹತ್ತಿ ಯಾವ ಚೈನ್ ಸಾ ಕೂಡ ಬೇಡ. ಚೈನ್ ಬಿಗಿ ಮಾಡುವ ಮುಂಚೆ ಬ್ಯಾಟರಿ ಕಳಚಿಡಿ.

ಕರೆಂಟ್ ಮಿಷನ್ ಮನೆ ಅಂಗಳದ ಸೌದೆಗೆ ಚೆನ್ನ. ಪೆಟ್ರೋಲ್‌ಗೆ ಎಣ್ಣೆ ಬೆರೆಸುವ ತಾಪತ್ರಯವಿಲ್ಲ, ಹೊಗೆಯಿಲ್ಲ. ಆದರೆ ತೋಟಕ್ಕೆ ಒಯ್ದರೆ ಅದರ ಬಣ್ಣ ಬಯಲಾಗುತ್ತದೆ. ನಮ್ಮ ಕಡೆ ವೋಲ್ಟೇಜ್ ಹೇಗಿರುತ್ತದೆ ಅಂತ ಗೊತ್ತಲ್ವಾ. ಅದರ ಮೇಲೆ ಸಣ್ಣ ತಂತಿಯ ಉದ್ದ ಎಕ್ಸ್‌ಟೆನ್ಷನ್ ಬೇರೆ ಹಾಕಿದರೆ ಮೋಟರ್ ಬಿಸಿಯಾಗಿ ಸುಟ್ಟ ವಾಸನೆ ಬರುತ್ತದೆ. ವೈರ್ ಯಾವಾಗಲೂ ಬೆನ್ನ ಹಿಂದೆಯೇ ಇರಬೇಕು. ಮರ ಬೀಳುವಾಗ ಓಡಬೇಕಾದ ದಾರಿಯಲ್ಲೂ ಅದೇ ವೈರ್ ಬಿದ್ದಿರುತ್ತದೆ. ಹಾಗಾಗಿ ಮರ ಉರುಳಿಸಲು ಇದನ್ನು ಬಳಸಲೇಬೇಡಿ. ಪೆಟ್ರೋಲ್ ಇಲ್ಲ, ಆದ್ದರಿಂದ ಅಪಾಯವೂ ಇಲ್ಲ ಅಂತ ಪಕ್ಕದ ತೋಟದವರ ವಾದ. ಚೈನ್ ಯಾವುದರಿಂದ ತಿರುಗಿದರೂ ಒದೆಯುವುದು ಒಂದೇ ರೀತಿ. ಬಾರ್‌ನ ತುದಿಯ ಮೇಲ್ಭಾಗ ಗಟ್ಟಿಯಾದದ್ದಕ್ಕೆ ತಗುಲಿದರೆ ಮಿಷನ್ ಕಣ್ಣು ಮಿಟುಕಿಸುವಷ್ಟರಲ್ಲಿ ಮುಖದ ಕಡೆ ಎಗರುತ್ತದೆ. ಅದಕ್ಕೇ ಎರಡೂ ಕೈ ಬೇಕು, ಎಡಗೈ ಹೆಬ್ಬೆರಳು ಹಿಡಿಯನ್ನು ಸುತ್ತಿರಬೇಕು, ತಲೆ ಬಾರ್‌ನ ನೇರಕ್ಕೆ ಇರಬಾರದು.

ಇನ್ನು ಪೆಟ್ರೋಲ್ ಮಿಷನ್. ಭಾರ, ಗಲಾಟೆ, ನಡುಕ. ಕಿವಿಗೆ ಮಫ್ ಇಲ್ಲದೆ ಹತ್ತಿರ ನಿಲ್ಲಲಾಗದು; ಸದ್ದು 100 ಡೆಸಿಬೆಲ್ ದಾಟುತ್ತದೆ. ಪೆಟ್ರೋಲ್‌ಗೆ ಎಣ್ಣೆ ಬೆರೆಸುವ ಲೆಕ್ಕ ಮಿಷನ್‌ಗೊಂದು ಥರ. 50:1 ಅಂದರೆ ಲೀಟರ್ ಪೆಟ್ರೋಲಿಗೆ 20 ಮಿಲಿ ಎಣ್ಣೆ, 25:1 ಅಂದರೆ 40 ಮಿಲಿ. ಸುಮ್ನೆ ಅಂದಾಜಿನಲ್ಲಿ ಸುರಿದರೆ ಎಂಜಿನ್ ಕೆಡುತ್ತದೆ. ನೆಲದ ಮೇಲಿಟ್ಟು, ಬ್ರೇಕ್ ಹಾಕಿ, ಹಿಂದಿನ ಹಿಡಿಯನ್ನು ಕಾಲಿನಿಂದ ಒತ್ತಿ ಸ್ಟಾರ್ಟ್ ಮಾಡಬೇಕು. ಗಾಳಿಯಲ್ಲಿ ತೂಗಾಡಿಸಿ ಹಗ್ಗ ಎಳೆಯುವವರು ನಮ್ಮೂರಲ್ಲಿ ಬೇಕಾದಷ್ಟಿದ್ದಾರೆ, ಅವರ ಹತ್ತಿರ ನಿಲ್ಲಬೇಡಿ. ಇಷ್ಟಾದರೂ ಮರ ಉರುಳಿಸಲು ನನ್ನ ಆಯ್ಕೆ ಇದೇ.

2017ರಲ್ಲಿ ಸರ್ಕಾರ ಹೊಸದಾಗಿ ನೀಲಗಿರಿ ನೆಡುವುದನ್ನು ನಿಷೇಧಿಸಿತು. ಹಳೆಯ ಮರಗಳನ್ನು ತೆಗೆಯುವ ಕೆಲಸ ಕೋಲಾರದಲ್ಲಿ ಇನ್ನೂ ಇದೆ. ನೇರ ಮರವಾದರೆ ಬೀಳಬೇಕಾದ ದಿಕ್ಕಿಗೆ ಬುಡದಲ್ಲಿ ಮೊದಲು ಕಚ್ಚು ಹಾಕುತ್ತೇನೆ, ಮರದ ದಪ್ಪದ ಕಾಲು ಭಾಗದಷ್ಟು ಆಳ. ಆಮೇಲೆ ಹಿಂದಿನಿಂದ, ಕಚ್ಚಿನ ಮಟ್ಟಕ್ಕಿಂತ ಸ್ವಲ್ಪ ಮೇಲೆ ಕೊಯ್ಯುವುದು. ಪೂರ್ತಿ ಕೊಯ್ದುಬಿಡಬಾರದು. ದಪ್ಪದ ಹತ್ತನೇ ಒಂದು ಭಾಗ ಉಳಿದರೆ ಅದು ಬಾಗಿಲ ಕೀಲಿನ ಹಾಗೆ ಮರವನ್ನು ಹಿಡಿದು ಇಳಿಸುತ್ತದೆ. 18 ಇಂಚು ಬಾರ್ ಇದ್ದರೆ ನಮ್ಮ ಬದುವಿನ ಮರಗಳನ್ನು ಒಂದೇ ಕಡೆ ನಿಂತು ಕೊಯ್ಯಬಹುದು. ಹಿಂದಕ್ಕೆ ಓರೆಯಾಗಿ ಓಡುವ ದಾರಿ ಮೊದಲೇ ಸವರಿಟ್ಟುಕೊಳ್ಳಿ. ಮರದ ಎತ್ತರದ ಎರಡು ಪಟ್ಟು ದೂರದೊಳಗೆ ಬೇರೆ ಯಾರೂ ಇರಬಾರದು. ಜೋರಾಗಿ ವಾಲಿರುವ ನೀಲಗಿರಿಯ ಕಥೆಯೇ ಬೇರೆ. ಅರ್ಧ ಕೊಯ್ಯುವಷ್ಟರಲ್ಲಿ ಬುಡ ಉದ್ದಕ್ಕೆ ಸೀಳಿ ಮೇಲೆ ಚಿಮ್ಮುತ್ತದೆ. ಅದನ್ನು ಪಳಗಿದವರಿಗೆ ಬಿಟ್ಟುಬಿಡುತ್ತೇನೆ. ಅಂದಹಾಗೆ, 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಲ್ಲಿ ನೀಲಗಿರಿ ಕಡಿಯಲು ವಿನಾಯಿತಿ ಇದೆ, ಎಲ್ಲ ಮರಕ್ಕೂ ಇಲ್ಲ. ಬೇರೆ ಮರವಾದರೆ ಮೊದಲು ಅರಣ್ಯ ಇಲಾಖೆಯಲ್ಲಿ ವಿಚಾರಿಸಿ.

ಮೂರಕ್ಕೂ ಚೈನ್ ಹರಿತವಾಗಿರಬೇಕು. ಚೆಕ್ಕೆ ಚೆಕ್ಕೆಯಾಗಿ ಉದುರಿದರೆ ಸರಿ. ನುಣ್ಣಗೆ ಪುಡಿ ಬರುತ್ತಿದ್ದರೆ ಮೊಂಡಾಗಿದೆ ಅಂತ ಅರ್ಥ. ಆಗ ನಾವು ಮಿಷನ್ ಮೇಲೆ ಭಾರ ಹಾಕಿ ಒತ್ತುತ್ತೇವೆ, ಜಾರುವುದು ಅಲ್ಲೇ.

ಹೊಸದಾಗಿ ಕೊಳ್ಳುವವರಿಗೆ ನನ್ನ ಲೆಕ್ಕ ಹೀಗೆ. ಸೌದೆ, ಕೊಂಬೆ ಮಾತ್ರವಾದರೆ ಕರೆಂಟ್ ಮಿಷನ್ ಮತ್ತು ಕೋಲಿನ ಗರಗಸ ಸಾಕು. ವರ್ಷಕ್ಕೊಮ್ಮೆ ನಾಲ್ಕು ಮರ ಉರುಳಿಸಲು ಪೆಟ್ರೋಲ್ ಮಿಷನ್ ಕೊಳ್ಳುವುದು ದಂಡ, ಮಿಷನ್ ಸಮೇತ ಬರುವ ಪಳಗಿದ ಆಳನ್ನು ಕರೆಸಿ. ಉಳಿದ ದುಡ್ಡಿನಲ್ಲಿ ಜಾಲರಿ ಇರುವ ಹೆಲ್ಮೆಟ್, ಗಟ್ಟಿ ಬೂಟು, ಚೈನ್ ಸಾಗೆಂದೇ ಮಾಡಿದ ಪ್ಯಾಂಟ್ ತನ್ನಿ. ಆ ಪ್ಯಾಂಟಿನೊಳಗಿನ ಎಳೆಗಳು ಚೈನ್‌ಗೆ ಸುತ್ತಿಕೊಂಡು ಅದನ್ನು ನಿಲ್ಲಿಸುತ್ತವೆ. ಲುಂಗಿ ಮತ್ತು ಹವಾಯಿ ಚಪ್ಪಲಿಯಲ್ಲಿ ಬರುವ ಆಳಿಗೂ ಕೆಲಸದ ಹೊತ್ತಿಗೆ ಅದನ್ನೇ ಹಾಕಿಸಿ. ಸೆಕೆ ಅಂತ ಗೊಣಗುತ್ತಾರೆ, ಗೊಣಗಲಿ.