ಹಳದಿ ಸಾಲು ಅಳಿಸೋದು ಹೇಗೆ? ಫಿಲ್ಟರ್, ಫೈಂಡ್, ಮ್ಯಾಕ್ರೋ, ಗೂಗಲ್ ಶೀಟ್ಸ್: ನಾಲ್ಕನ್ನೂ ಹಾಕಿ ನೋಡಿದೆ

ತೊಗರಿ ಸೀಜನ್ ಮುಗಿಯುವ ಹೊತ್ತಿಗೆ ರೈತರ ಮಾಲು ಕಮಿಷನ್ ಮೇಲೆ ಮಾರಿಸಿಕೊಡುವ ನಮ್ಮ ಅಡತಿ ಅಂಗಡಿಯ ಎಕ್ಸೆಲ್ ಶೀಟು ಹೋಳಿ ಆಡಿ ಬಂದವರ ಅಂಗಿಯಂತೆ ಕಾಣುತ್ತದೆ. ಕಲಬುರಗಿಯ ಧಾನ್ಯ ಮಾರುಕಟ್ಟೆ ಗಂಜ್‌ನಲ್ಲಿ ಡಿಸೆಂಬರ್‌ನಿಂದ ಚೀಲ ಬೀಳಲು ಶುರುವಾದರೆ ಆಳಂದ, ಜೇವರ್ಗಿ, ಚಿತ್ತಾಪುರ, ಅಫಜಲಪುರ ಕಡೆಯ ರೈತರ ಹೆಸರು, ಚೀಲ, ತೂಕ, ದರ, ಕೊಟ್ಟ ದುಡ್ಡು ಎಲ್ಲವೂ ಒಂದೇ ಶೀಟಿಗೆ ಬರುತ್ತವೆ. ಹಿಸೇಬು ಚುಕ್ತಾ ಆದ, ಅಂದರೆ ದುಡ್ಡು ಪೂರ್ತಿ ಕೊಟ್ಟು ಮುಗಿದ ಸಾಲಿಗೆ ಕೈಯಿಂದ ಹಳದಿ ಹಚ್ಚುತ್ತೇವೆ. ತೇವಾಂಶ ಶೇಕಡಾ 12ಕ್ಕಿಂತ ಮೇಲಿದ್ದರೆ ಆ ಸೆಲ್ ತಾನೇ ಕೆಂಪಾಗಲಿ ಎಂದು ನಾನು ಕಂಡೀಷನಲ್ ಫಾರ್ಮ್ಯಾಟಿಂಗ್ (ನಿಯಮ ಕೊಟ್ಟರೆ ತಾನೇ ಬಣ್ಣ ಬರುವ ಸೌಲಭ್ಯ) ಹಾಕಿಟ್ಟಿದ್ದೇನೆ. ಮಾರ್ಚ್ ಬಂತೆಂದರೆ ಸಾಹುಕಾರರದು ಒಂದೇ ಮಾತು: "ತಮ್ಮಾ, ಹಳದಿ ಹಚ್ಚಿದ್ದೆಲ್ಲಾ ತೆಗದ್ ಹಾಕು. ಬಾಕಿ ಇದ್ದವ್ರದಷ್ಟೇ ಇರ್ಲಿ."

ಈ ಸಲ ನಾಲ್ಕು ಸಾವಿರ ಚಿಲ್ಲರೆ ಸಾಲು ಇದ್ದವು. ಫೈಲಿನ ನಾಲ್ಕು ನಕಲು ಮಾಡಿಕೊಂಡು ಒಂದೊಂದರ ಮೇಲೆ ಒಂದೊಂದು ದಾರಿ ಹಿಡಿದೆ.

ಮೊದಲು ಫಿಲ್ಟರ್. ಕಂಟ್ರೋಲ್-ಶಿಫ್ಟ್-ಎಲ್ ಒತ್ತಿ, ಹೆಸರಿನ ಕಾಲಂ ಮೇಲಿನ ಬಾಣ ತೆರೆದರೆ 'ಫಿಲ್ಟರ್ ಬೈ ಕಲರ್' ಸಿಗುತ್ತದೆ. ಎಕ್ಸೆಲ್ 2007ರಿಂದ ಇದು ಇದೆ, 2003ರಲ್ಲಿ ಇರಲಿಲ್ಲ. ಹಳದಿ ಆರಿಸಿದೆ, ಚುಕ್ತಾ ಆದವರಷ್ಟೇ ಉಳಿದರು, ಸಾಲುಗಳನ್ನು ಹಿಡಿದು 'ಡಿಲೀಟ್ ರೋ' ಕೊಟ್ಟೆ. ಫಿಲ್ಟರ್ ಮರೆಮಾಡಿದ ಸಾಲುಗಳಿಗೆ ಏನೂ ಆಗುವುದಿಲ್ಲ, ಕಾಣುವವಷ್ಟೇ ಹೋಗುತ್ತವೆ. (ಕೈಯಿಂದ 'ಹೈಡ್' ಮಾಡಿದ ಸಾಲುಗಳಿಗೆ ಈ ರಕ್ಷಣೆ ಇಲ್ಲ, ಜೊತೆಗೇ ಹೋಗಿಬಿಡುತ್ತವೆ. ಅಲ್ಲಿ ಮೊದಲು ಆಲ್ಟ್-ಸೆಮಿಕೋಲನ್ ಒತ್ತಿ ಕಾಣುವುದನ್ನಷ್ಟೇ ಆರಿಸಿಕೊಳ್ಳಬೇಕು.)

ಫಿಲ್ಟರ್ ತೆಗೆದು ನೋಡಿದರೆ ಶೀಟಿನಲ್ಲಿ ಇನ್ನೂ ಹಳದಿ! ನಾನು ಹಚ್ಚುವುದು ಗಾಢ ಹಳದಿ, ನಮ್ಮ ಮುನೀಮ ಕಾಕಾ ಹಚ್ಚುವುದು ಅದರ ಪಕ್ಕದ ತುಸು ತಿಳಿ ಹಳದಿ. ಎಕ್ಸೆಲ್‌ಗೆ ಇವೆರಡೂ ಬೇರೆ ಬೇರೆ ಬಣ್ಣ, ಮತ್ತು ಬಣ್ಣದ ಫಿಲ್ಟರ್‌ನಲ್ಲಿ ಒಂದು ಸಲಕ್ಕೆ ಒಂದೇ ಬಣ್ಣ ಆರಿಸಲು ಬರುತ್ತದೆ. ಕಾಕಾನಿಗೆ ಹೇಳಿದೆ. "ನಾ ಹಚ್ಚಿದ್ದೂ ಹಳದಿನೇ ಅದ, ನೀ ಹಚ್ಚಿದ್ದೂ ಹಳದಿನೇ ಅದ. ಮತ್ತೇನು ಫರಕ್ ಅದ ಇದ್ರಾಗ?" ಅಂದರು. ಉತ್ತರ ಕೊಡಲಾಗಲಿಲ್ಲ.

ಎರಡನೇ ಎಡವಟ್ಟು ಇದಕ್ಕಿಂತ ದೊಡ್ಡದು, ತಪ್ಪು ಪೂರ್ತಿ ನನ್ನದೇ. ಕಾಕಾ ವಾರಕ್ಕೊಮ್ಮೆ ನಡುವೆ ಒಂದು ಖಾಲಿ ಸಾಲು ಬಿಡುತ್ತಾರೆ, ವಹಿಯಲ್ಲಿ ಗೆರೆ ಎಳೆದು ಬಂದ ರೂಢಿ ಅದು. ಒಂದೇ ಸೆಲ್ ಮೇಲೆ ನಿಂತು ಫಿಲ್ಟರ್ ಹಾಕಿದರೆ ಎಕ್ಸೆಲ್ ಪೂರ್ತಿ ಖಾಲಿ ಇರುವ ಸಾಲಿನವರೆಗೆ ಮಾತ್ರ ಪಟ್ಟಿ ಎಂದುಕೊಳ್ಳುತ್ತದೆ. ಅದರ ಕೆಳಗಿನ ಸಾಲುಗಳು ಹಳದಿ ಇರಲಿ ಬಿಡಲಿ, ಹಾಗೇ ಕಾಣುತ್ತಿರುತ್ತವೆ. ನಾನು ಮೇಲಿಂದ ಕೆಳಗಿನ ತನಕ ಒಂದೇ ಹಿಡಿತಕ್ಕೆ ಹಿಡಿದು ಅಳಿಸಿದೆ. ಬಾಕಿ ಇದ್ದವರ ಹೆಸರೂ ಹೋಯಿತು. ಕಂಟ್ರೋಲ್-ಝಡ್ ಒತ್ತಿ ಉಸಿರು ಬಿಟ್ಟೆ. ಎಡಗಡೆಯ ಸಾಲಿನ ಅಂಕಿಗಳನ್ನು ನೋಡಿದ್ದರೂ ಗೊತ್ತಾಗುತ್ತಿತ್ತು: ಫಿಲ್ಟರ್ ಒಳಗಿನ ಸಾಲುಗಳ ಅಂಕಿ ನೀಲಿ ಆಗುತ್ತದೆ, ಹೊರಗಿನದು ಮೊದಲಿನಂತೆಯೇ ಇರುತ್ತದೆ. ಈಗ ಮೊದಲು ಇಡೀ ಪಟ್ಟಿಯನ್ನು ಹಿಡಿದು ಆಮೇಲೆ ಫಿಲ್ಟರ್ ಹಾಕುತ್ತೇನೆ.

ಎರಡನೇ ನಕಲಿಗೆ ಫೈಂಡ್. ಕಂಟ್ರೋಲ್-ಎಫ್, ಆಪ್ಷನ್ಸ್, ಫಾರ್ಮ್ಯಾಟ್, ಅಲ್ಲಿ ಫಿಲ್ ಬಣ್ಣ ಕೊಟ್ಟು 'ಫೈಂಡ್ ಆಲ್', ಆಮೇಲೆ ಕಂಟ್ರೋಲ್-ಎ. ಹಳದಿ ಸೆಲ್‌ಗಳೆಲ್ಲ ಒಂದೇ ಸಲಕ್ಕೆ ಆಯ್ಕೆಯಾಗುತ್ತವೆ, ನಡುವೆ ಖಾಲಿ ಸಾಲು ಎಷ್ಟಿದ್ದರೂ ಚಿಂತೆಯಿಲ್ಲ. ಸೆಲ್ ಒಳಗಿನ ಅಂಕಿಯನ್ನಷ್ಟೇ ಒರೆಸಿ ಸಾಲು ಉಳಿಸಬೇಕಿದ್ದರೆ ಇದಕ್ಕಿಂತ ಚೆಂದದ ದಾರಿ ಇಲ್ಲ, ಡಿಲೀಟ್ ಕೀ ಒತ್ತಿದರೆ ಮುಗಿಯಿತು. ಸಾಲನ್ನೇ ತೆಗೆಯಬೇಕೆಂದರೆ ಕಿರಿಕಿರಿ. ನಮ್ಮಲ್ಲಿ ಒಂದೇ ಸಾಲಿನ ಹತ್ತು ಸೆಲ್ ಹಳದಿ, ಹಾಗಾಗಿ ಕಂಟ್ರೋಲ್-ಮೈನಸ್ ಒತ್ತಿ 'ಎಂಟೈರ್ ರೋ' ಎಂದರೆ ಆಯ್ಕೆಗಳು ಒಂದರ ಮೇಲೊಂದು ಬರುತ್ತವೆ ಎಂದು ಎಕ್ಸೆಲ್ ಕೈ ಎತ್ತಿತು. ಹೆಸರಿನ ಕಾಲಂ ಒಂದನ್ನೇ ಹಿಡಿದು ಹುಡುಕಿದಾಗ ಸರಿಹೋಯಿತು. ಅದೇ ಪೆಟ್ಟಿಗೆಯಲ್ಲಿ 'ಶಿಫ್ಟ್ ಸೆಲ್ಸ್ ಅಪ್' ಅಂತ ಇನ್ನೊಂದಿದೆ, ಅದರ ಗೊಡವೆಗೇ ಹೋಗಬೇಡಿ. ಕೆಳಗಿನ ಸೆಲ್ ಮೇಲೇರಿ, ಜೇವರ್ಗಿಯವರ ಚೀಲ ಆಳಂದದವರ ಹೆಸರಿಗೆ ಬಂದು ಕೂರುತ್ತದೆ.

'ಚೂಸ್ ಫಾರ್ಮ್ಯಾಟ್ ಫ್ರಂ ಸೆಲ್' ಬಳಸಿದಾಗ ಸಿಕ್ಕಿದ್ದು ಅರ್ಧಕ್ಕಿಂತ ಕಡಿಮೆ. ಅದು ಬಣ್ಣದ ಜೊತೆ ಫಾಂಟ್, ಬಾರ್ಡರ್ ಎಲ್ಲವನ್ನೂ ತಾಳೆ ನೋಡುತ್ತದೆ. ಇನ್ನು ತೇವಾಂಶದ ಕೆಂಪು ಸೆಲ್‌ಗಳು? ಒಂದೂ ಸಿಗಲಿಲ್ಲ. ನಿಯಮದಿಂದ ಬಂದ ಬಣ್ಣ ಫೈಂಡ್‌ಗೆ ಕಾಣುವುದೇ ಇಲ್ಲ, ಫಿಲ್ಟರ್‌ಗೆ ಕಾಣುತ್ತದೆ. ಯಾವ ದಾರಿ ಹಿಡಿಯಬೇಕು ಎನ್ನುವ ಮೊದಲು ಬಣ್ಣ ಕೈಯಿಂದ ಹಚ್ಚಿದ್ದೋ ನಿಯಮದಿಂದ ಬಂದದ್ದೋ ಎಂದು ಕೇಳಿಕೊಳ್ಳುವುದು ಇದಕ್ಕೇ. ನಿಯಮದಿಂದ ಬಂದದ್ದಾದರೆ ನನ್ನ ಮಟ್ಟಿಗೆ ಬಣ್ಣದ ಹಂಗೇ ಬೇಡ, ತೇವಾಂಶದ ಕಾಲಂನಲ್ಲಿ 12ಕ್ಕಿಂತ ಹೆಚ್ಚು ಎಂದು ಅಂಕಿಯ ಫಿಲ್ಟರ್ ಹಾಕಿದರಾಯಿತು.

ಮೂರನೆಯದು ಮ್ಯಾಕ್ರೋ, ಅಂದರೆ ಎಕ್ಸೆಲ್ ಒಳಗೇ ಓಡುವ ಸಣ್ಣ ಪ್ರೋಗ್ರಾಂ. ಅದರ ವೇಗಕ್ಕೆ ಸಾಟಿಯಿಲ್ಲ. ಎರಡೂ ಹಳದಿಯನ್ನು ಒಂದೇ ಏಟಿಗೆ ಹೇಳಬಹುದು (ಮ್ಯಾಕ್ರೋದಲ್ಲಿ ಬಣ್ಣವನ್ನು ಅಂಕಿಯಿಂದ ಹೇಳುತ್ತಾರೆ, ಗಾಢ ಹಳದಿಯದು 65535). ಆದರೆ ಮೇಲಿಂದ ಕೆಳಗೆ ಎಣಿಸುತ್ತಾ ಅಳಿಸಿದರೆ, ಒಂದು ಸಾಲು ಹೋದೊಡನೆ ಕೆಳಗಿನದು ಅದರ ಜಾಗಕ್ಕೆ ಏರುತ್ತದೆ, ಎಣಿಕೆ ಅದನ್ನು ದಾಟಿ ಮುಂದೆ ಹೋಗುತ್ತದೆ. ನನ್ನ ಮೊದಲ ಓಟದಲ್ಲಿ ಜೋಡಿ ಹಳದಿ ಇದ್ದಲ್ಲೆಲ್ಲ ಒಂದೊಂದು ಉಳಿದಿತ್ತು. ಕೆಳಗಿಂದ ಮೇಲಕ್ಕೆ ಎಣಿಸಬೇಕು. ನಿಯಮದ ಬಣ್ಣ ಓದಲು 'ಡಿಸ್‌ಪ್ಲೇ ಫಾರ್ಮ್ಯಾಟ್' ಬೇಕು, ಅದು ಎಕ್ಸೆಲ್ 2010ರಿಂದ ಇದೆ. ಇಷ್ಟೆಲ್ಲ ಸರಿ ಮಾಡಿದರೂ ಮ್ಯಾಕ್ರೋ ಮಾಡಿದ ಕೆಲಸಕ್ಕೆ ಕಂಟ್ರೋಲ್-ಝಡ್ ಇಲ್ಲ. ದುಡ್ಡಿನ ಲೆಕ್ಕ ಇರುವ ಅಂಗಡಿಯಲ್ಲಿ ನನಗೆ ಅಷ್ಟು ಧೈರ್ಯವಿಲ್ಲ.

ಗೂಗಲ್ ಶೀಟ್ಸ್‌ಗೆ ಬಣ್ಣದ ಫಿಲ್ಟರ್ ಬಂದದ್ದು 2020ರಲ್ಲಿ. ಕೆಲಸ ಎಕ್ಸೆಲ್‌ನಂತೆಯೇ. ಅದರ ಹೆಚ್ಚುಗಾರಿಕೆ ವರ್ಷನ್ ಹಿಸ್ಟರಿ: ತಪ್ಪು ಅಳಿಸಿದ್ದು ನಾಳೆ ನೆನಪಾದರೂ ಇವತ್ತಿನ ರೂಪಕ್ಕೆ ಮರಳಬಹುದು. ಹಂಚಿಕೊಂಡ ಶೀಟಿನಲ್ಲಿ ನಾನು ಫಿಲ್ಟರ್ ಹಾಕಿದರೆ ಮನೆಯಲ್ಲಿ ಕುಳಿತ ಸಾಹುಕಾರರಿಗೂ ಅಷ್ಟೇ ಸಾಲು ಕಾಣುತ್ತವೆ. "ಉಳಿದವ್ರೆಲ್ಲಾ ಎಲ್ಲಿ ಹೋದ್ರೋ?" ಅಂತ ಫೋನ್ ಬಂದ ಮೇಲೆ, ನನಗಷ್ಟೇ ಫಿಲ್ಟರ್ ಕಾಣುವ 'ಫಿಲ್ಟರ್ ವ್ಯೂ' ಕಲಿತೆ. ದುಡ್ಡು ಕೊಟ್ಟು ಎಕ್ಸೆಲ್ ಕೊಳ್ಳಲಾಗದವರಿಗೆ ಲಿಬ್ರೆ ಆಫೀಸ್ ಕೂಡ ಇದೆ, 7.2ರಿಂದ ಅದರಲ್ಲೂ ಬಣ್ಣದ ಫಿಲ್ಟರ್ ಉಂಟು.

ಅಂಗಡಿಯಲ್ಲಿ ಈಗ ನಡೆಯುವುದು ಎಕ್ಸೆಲ್ ಫಿಲ್ಟರ್‌ನದೇ ರಾಜ್ಯ. ಒಂದೇ ಬದಲಾವಣೆ ಎಂದರೆ ಅಳಿಸುವ ಮೊದಲು ಕಾಣುವ ಸಾಲುಗಳನ್ನು ಕಾಪಿ ಮಾಡಿ 'ಚುಕ್ತಾ' ಎಂಬ ಇನ್ನೊಂದು ಶೀಟಿಗೆ ಹಾಕುತ್ತೇನೆ, ಯಾಕಂದರೆ ಹಿಸೇಬು ಮುಗಿದ ರೈತರೇ ಏಪ್ರಿಲ್‌ನಲ್ಲಿ ಮತ್ತೆ ಚೀಟಿ ಕೇಳಿಕೊಂಡು ಬರುತ್ತಾರೆ. ಶೀಟಿನ ತಲೆಯ ಮೇಲೆ ಒಂದು ಗಾಢ ಹಳದಿ ಸೆಲ್ ಇಟ್ಟು, ಇದನ್ನೇ ಫಾರ್ಮ್ಯಾಟ್ ಪೇಂಟರ್‌ನಿಂದ ಎತ್ತಿ ಹಚ್ಚಬೇಕು ಎಂದು ಬರೆದೂ ಇಟ್ಟಿದ್ದೇನೆ. ಕಾಕಾ ಓದಿದರು, ತಲೆಯಾಡಿಸಿದರು, ತಮ್ಮ ಹಳದಿಯನ್ನೇ ಹಚ್ಚಿದರು. ನಾನು ಎರಡು ಸಲ ಫಿಲ್ಟರ್ ಹಾಕುತ್ತೇನೆ.