ಮುಂಬಾಗಿಲಿನ ಹಳೇ ಪೇಂಟ್ ತೆಗ್ದಿದ್ದು: ನಾನ್-ಟಾಕ್ಸಿಕ್ ರಿಮೂವರ್ ಬಗ್ಗೆ ನನ್ನ ಅನುಭವ

ಮೊದ್ಲೇ ಹೇಳ್ಬಿಡ್ತೀನಿ, ಕೆಲಸ ಮಾಡತ್ತೆ. ಆದ್ರೆ ತುಂಬಾ ನಿಧಾನ. ಮತ್ತೆ ಡಬ್ಬಿ ಮೇಲೆ ನಾನ್-ಟಾಕ್ಸಿಕ್ ಅಂತ ಬರ್ದಿರೋದು ಒಳಗಿರೋ ಜೆಲ್‌ಗೆ ಮಾತ್ರ, ನಿಮ್ಮ ಬಾಗಿಲ ಮೇಲೆ ಕೂತಿರೋ ಹಳೇ ಬಣ್ಣಕ್ಕಲ್ಲ. ಈ ಮಾತನ್ನ ನನಗೆ ಅಂಗಡಿಯವರೂ ಹೇಳ್ಲಿಲ್ಲ, ಪೇಂಟರೂ ಹೇಳ್ಲಿಲ್ಲ, ಅದಕ್ಕೇ ಇಷ್ಟುದ್ದ ಬರೀತಿದೀನಿ.

ನಮ್ಮನೆ ಬೆಂಗಳೂರಿನ ಚಾಮರಾಜಪೇಟೆಲಿ, ನಮ್ಮ ಮಾವನವರ ತಂದೆ ಕಟ್ಸಿದ್ದು. ರೆಡ್ ಆಕ್ಸೈಡ್ ನೆಲ, ಎರಡು ಕದದ ದೊಡ್ಡ ಮುಂಬಾಗಿಲು, ಮನೇಲಿ ಮದುವೆ ಮುಂಜಿ ಬಂದಾಗೆಲ್ಲಾ ಅದಕ್ಕೊಂದು ಕೋಟ್ ಎನಾಮಲ್ ಹೊಡ್ಸಿ ಹೊಡ್ಸಿ ಕೆತ್ತನೆ ಎಲ್ಲಾ ಮುಚ್ಚೋಗಿ ಬರೀ ಉಬ್ಬುತಗ್ಗು ಕಾಣ್ತಿತ್ತು. ಮೇಲೆ ಚಾಕಲೇಟ್ ಬಣ್ಣ, ಅದರ ಕೆಳಗೆ ಕ್ರೀಮ್, ಅದರ ಕೆಳಗೆ ಹಸಿರು. ನನ್ನ ಮಗಳಿಗೆ ಈಗ ಮೂರು ವರ್ಷ, ಹೊಸ್ತಿಲ ಹತ್ರ ಕೂತ್ಕೊಂಡು ಎದ್ದಿರೋ ಚಕ್ಕೆಗಳನ್ನ ಉಗುರಲ್ಲಿ ಕಿತ್ತು ಕಿತ್ತು ಒಂದಿನ ಬಾಯಿಗೆ ಹಾಕ್ಕೊಂಡ್ಲು. ಅವತ್ತೇ ನನಗೆ ಭಯ ಶುರುವಾಗಿದ್ದು.

ಯಾಕಂದ್ರೆ ಹಳೇ ಎನಾಮಲ್‌ನಲ್ಲಿ ಸೀಸ ಇರೋ ಸಾಧ್ಯತೆ ಜಾಸ್ತಿ. ನಮ್ಮ ದೇಶದಲ್ಲಿ ಮನೆ ಪೇಂಟಿನಲ್ಲಿ ಸೀಸ 90 ಪಿಪಿಎಂ, ಅಂದ್ರೆ ಹತ್ತು ಲಕ್ಷ ಭಾಗಕ್ಕೆ 90 ಭಾಗ, ಮೀರಬಾರದು ಅನ್ನೋ ನಿಯಮ ಬಂದಿದ್ದೇ 2016ರಲ್ಲಿ, ಜಾರಿಯಾಗಿದ್ದು 2017ರ ನವೆಂಬರಿಂದ. ಅದಕ್ಕಿಂತ ಮುಂಚೆ ಹೊಡೆದಿರೋ ಬಣ್ಣನ ನಂಬೋ ಹಾಗೇ ಇಲ್ಲ. ಆನ್‌ಲೈನಲ್ಲಿ ಸೀಸ ಪತ್ತೆ ಮಾಡೋ ಸ್ವಾಬ್ ಸಿಗತ್ತೆ, ತರ್ಸಿ ಎಲ್ಲಾ ಪದರ ಕಾಣೋ ಹಾಗೆ ಒಂದು ಕಡೆ ಕೆರೆದು ಒರೆಸಿದೆ, ಹಸಿರು ಪದರದ ಮೇಲೆ ಹತ್ತಿ ತುದಿ ಗುಲಾಬಿಗೆ ತಿರುಗಿತು. ಮಾರನೇ ದಿನಾನೇ ಮಗೂಗೆ ರಕ್ತ ಪರೀಕ್ಷೆ ಮಾಡ್ಸಿದ್ವಿ, ದೇವರ ದಯೆ, ಗಾಬರಿ ಪಡೋ ಹಾಗೇನೂ ಇರ್ಲಿಲ್ಲ. ಆದ್ರೆ ಸೀಸಕ್ಕೆ ಇಷ್ಟಿದ್ರೆ ಪರವಾಗಿಲ್ಲ ಅನ್ನೋ ಅಳತೆನೇ ಇಲ್ಲ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳತ್ತೆ, ಮಕ್ಕಳ ಮಿದುಳಿಗೇ ಅದು ಹೊಡೆಯೋದು, ಹಾಗಾಗಿ ಬಾಗಿಲನ್ನ ಹಂಗೇ ಬಿಡೋಕೆ ಮನಸ್ಸಾಗ್ಲಿಲ್ಲ.

ಪೇಂಟರನ್ನ ಕರೆಸಿದೆ. "ಬ್ಲೋ ಲ್ಯಾಂಪ್ ಹಿಡಿದ್ರೆ ಅರ್ಧ ದಿನದ ಕೆಲಸ ಮೇಡಂ, ಆಮೇಲೆ ಮಿಷಿನ್‌ನಲ್ಲಿ ಉಜ್ಜಿಬಿಡ್ತೀವಿ" ಅಂದ್ರು, ಮೂರೂವರೆ ಸಾವಿರ ಹೇಳಿದ್ರು. ಸೀಸದ ಬಣ್ಣ ಸುಟ್ರೆ ಹೊಗೇಲಿ ಸೀಸ, ಒಣಗಿದ್ದನ್ನ ಉಜ್ಜಿದ್ರೆ ಧೂಳಲ್ಲಿ ಸೀಸ, ಆ ಧೂಳು ಮನೆಯೆಲ್ಲಾ ಹರಡತ್ತೆ, ಮೊದಲು ಕುಡಿಯೋದು ಆ ಪೇಂಟರೇ. ಬೇಡ ಅಂದೆ. ಕಾಸ್ಟಿಕ್ ಸೋಡಾ ಹಾಕೋಣ ಅಂತ ಇನ್ನೊಬ್ಬರು ಅಂದ್ರು, ಅದು ಬಣ್ಣ ಎಬ್ಬಿಸತ್ತೆ ನಿಜ, ಆದ್ರೆ ತೇಗದಂಥ ಮರನ ಕಪ್ಪಗೆ ಮಾಡಿಬಿಡತ್ತೆ, ಚರ್ಮ ಸುಡತ್ತೆ, ಕಣ್ಣಿಗೆ ಸಿಡಿದ್ರೆ ಕಣ್ಣೇ ಹೋಗ್ಬಹುದು.

ಆಮೇಲೆ ಹಾರ್ಡ್‌ವೇರ್ ಅಂಗಡಿಗಳಿರೋ ಎಸ್‌ಜೆಪಿ ರೋಡಿಗೆ ಹೋದೆ. ಒಂದು ಅಂಗಡೀಲಿ ನಾನ್-ಟಾಕ್ಸಿಕ್ ಇದೆಯಾ ಅಂತ ಕೇಳಿದ್ದಕ್ಕೆ "ಎಲ್ಲಾ ಪೇಂಟರ್ಸೂ ಇದೇ ತಗೊಂಡು ಹೋಗೋದು, ಏನೂ ಆಗಲ್ಲ" ಅಂತ ಒಂದು ಡಬ್ಬಿ ಕೊಟ್ರು, ತಿರುಗಿಸಿ ಹಿಂದೆ ನೋಡಿದ್ರೆ ಸಣ್ಣ ಅಕ್ಷರದಲ್ಲಿ ಮೆಥಿಲೀನ್ ಕ್ಲೋರೈಡ್. ಇದನ್ನೇ ಡೈಕ್ಲೋರೋಮೀಥೇನ್ ಅಂತಾನೂ ಬರೀತಾರೆ, ಎರಡೂ ಒಂದೇ. ಹತ್ತು ನಿಮಿಷದಲ್ಲಿ ಬಣ್ಣ ಗುಳ್ಳೆ ಏಳಿಸತ್ತೆ, ಆದ್ರೆ 40 ಡಿಗ್ರಿಗೇ ಕುದಿಯೋ ವಸ್ತು ಅದು, ಅಷ್ಟು ಬೇಗ ಆವಿಯಾಗತ್ತೆ, ಉಸಿರಲ್ಲಿ ಒಳಗೆ ಹೋದ್ರೆ ದೇಹದಲ್ಲೇ ಕಾರ್ಬನ್ ಮೊನಾಕ್ಸೈಡ್ ಆಗತ್ತೆ. ಅಮೆರಿಕದಲ್ಲಿ ಬಾತ್‌ಟಬ್‌ಗಳ ಬಣ್ಣ ತೆಗೀತಿದ್ದ ಕೆಲಸಗಾರರು ಮುಚ್ಚಿದ ಬಚ್ಚಲುಮನೇಲೇ ಸತ್ತಿದಾರೆ, ಅಲ್ಲಿ 2019ರಲ್ಲಿ ಜನಸಾಮಾನ್ಯರಿಗೆ ಇದರ ರಿಮೂವರ್ ಮಾರೋದನ್ನೇ ನಿಲ್ಸಿದ್ರು. ಅಂಗಡಿಯವರು ಬೇಕಂತ ಸುಳ್ಳು ಹೇಳಿದ್ರು ಅಂತ ನಾನು ಅನ್ನಲ್ಲ, ಅವರಿಗೂ ಗೊತ್ತಿರ್ಲಿಲ್ಲ, ಆದ್ರೆ ದಿನಾ ಅದನ್ನ ಮಾರೋರಿಗೆ ಗೊತ್ತಿರ್ಬೇಕಲ್ವಾ?

ಕೊನೆಗೆ ಆನ್‌ಲೈನಲ್ಲಿ ಬೆಂಜೈಲ್ ಆಲ್ಕೋಹಾಲ್ ಇರೋ ಜೆಲ್ ತರ್ಸಿದೆ, ಲೀಟರಿಗೆ 1,100 ರೂಪಾಯಿ ಬಿತ್ತು. ಬ್ರ್ಯಾಂಡ್ ಹೆಸರು ಬರೀತಿಲ್ಲ, ಇದೇ ಜಾತಿಯ ಡಬ್ಬಿಗಳು ಬೇರೆ ಬೇರೆ ಹೆಸರಲ್ಲಿ ಬರ್ತವೆ, ಹೆಸರಿಗಿಂತ ಲೇಬಲ್ ಓದೋದು ಮುಖ್ಯ. ಬೆಂಜೈಲ್ ಆಲ್ಕೋಹಾಲ್, ಸೋಯಾ ಎಣ್ಣೆಯಿಂದ ಮಾಡಿದ್ದು, ಡೈಬೇಸಿಕ್ ಎಸ್ಟರ್, ಇವುಗಳಲ್ಲಿ ಯಾವ್ದಾದ್ರೂ ಇದ್ರೆ ತಗೋಬಹುದು. ಎನ್‌ಎಂಪಿ (ಎನ್-ಮೀಥೈಲ್ ಪೈರೋಲಿಡೋನ್ ಅನ್ನೋ ರಾಸಾಯನಿಕ) ಅಂತ ಇದ್ರೆ ಬೇಡ, ಬಸುರಿಯರಿಗೆ ಅದು ಅಪಾಯ, ವಾಸನೆ ಕಮ್ಮಿ ಇರೋದ್ರಿಂದ ಇದು ಸೇಫ್ ಅಂತ ಮೋಸ ಹೋಗ್ತೀವಿ. ಮತ್ತೆ ನಾನ್-ಟಾಕ್ಸಿಕ್ ಅಂದ್ರೆ ಬರಿಗೈಲಿ ಮುಟ್ಟಬಹುದು ಅಂತ ಅಲ್ಲ, ಗ್ಲೌಸ್ ಹರಿದಿದ್ದು ಗೊತ್ತಾಗ್ದೆ ನನ್ನ ಹೆಬ್ಬೆರಳು ಎರಡು ದಿನ ಉರೀತು.

ಈಗ ಕೆಲಸದ ಕಥೆ. ಡಬ್ಬಿ ಮೇಲೆ ಮೂವತ್ತು ನಿಮಿಷ ಅಂತ ಬರ್ದಿದ್ರು, ನಾನು ತೆಳ್ಳಗೆ ಬ್ರಷ್‌ನಲ್ಲಿ ಬಳಿದು ಅರ್ಧ ಗಂಟೆ ಬಿಟ್ಟು ಕೆರೆದ್ರೆ ಮೇಲಿನ ಚಾಕಲೇಟ್ ಬಣ್ಣ ಸ್ವಲ್ಪ ಮೆತ್ತಗಾಗಿದ್ದು ಬಿಟ್ರೆ ಏನೂ ಇಲ್ಲ. ಒಂದು ಪೂರ್ತಿ ಭಾನುವಾರ ಹಾಳು. ಆಮೇಲೆ ಅರ್ಥ ಆಗಿದ್ದು ಏನಂದ್ರೆ ಈ ಜೆಲ್ ಬೇಗ ಹಾರಿ ಹೋಗಲ್ಲ, ನಿಧಾನಕ್ಕೆ ಒಂದೊಂದೇ ಪದರದ ಒಳಗೆ ಇಳಿಯತ್ತೆ, ಅದಕ್ಕೆ ನಾವು ಟೈಮ್ ಕೊಡ್ಬೇಕು, ಒಣಗೋಕೆ ಬಿಡಬಾರದು. ಮುಂದಿನ ವಾರ ದೋಸೆ ಹಿಟ್ಟಿನ ಹಾಗೆ ದಪ್ಪಗೆ ಮೆತ್ತಿ, ಮೇಲೆ ತೆಳು ಪ್ಲಾಸ್ಟಿಕ್ ಹಾಳೆ ಅಂಟಿಸಿ, ಶನಿವಾರ ರಾತ್ರಿ ಬಿಟ್ಟು ಭಾನುವಾರ ಬೆಳಿಗ್ಗೆ ತೆಗೆದೆ. ಪ್ಲಾಸ್ಟಿಕ್ ಸ್ಕ್ರೇಪರ್ ಇಟ್ಟು ಒತ್ತಿದ್ರೆ ಚಾಕಲೇಟ್, ಕ್ರೀಮ್ ಎರಡೂ ಹಾಲಿನ ಕೆನೆ ಸುರುಳಿ ಸುತ್ತಿಕೊಂಡ ಹಾಗೆ ಬಂತು, ನನಗೆ ಆದ ಖುಷಿ ಅಷ್ಟಿಷ್ಟಲ್ಲ. ಹಸಿರಿಗೆ ಮಾತ್ರ ಎರಡನೇ ಸಲ ಹಚ್ಚಬೇಕಾಯ್ತು. ಇದೆಲ್ಲಾ ಆಗಿದ್ದು ಡಿಸೆಂಬರ್‌ನಲ್ಲಿ, ನಮ್ಮೂರ ರಾತ್ರಿ ಚಳೀಲಿ ಜೆಲ್ ಇನ್ನೂ ಮಂದ, ಬೇಸಿಗೇಲಿ ಮಾಡಿದ್ರೆ ಬೇಗ ಆಗ್ತಿತ್ತು. ಪೂರ್ತಿ ಸಮಯ ಹಸಿ ಹಸಿಯಾಗೇ ಕೆರೆದಿದ್ದು, ಧೂಳು ಏಳಲೇ ಇಲ್ಲ, ಇದಕ್ಕೇ ನಾನು ಈ ಪದ್ಧತಿಗೆ ಫುಲ್ ಮಾರ್ಕ್ಸ್ ಕೊಡೋದು. ಕೆಲಸದ ದಿನಗಳಲ್ಲಿ ಮಗಳನ್ನ ನನ್ನ ತಂಗಿ ಮನೇಲಿ ಬಿಟ್ಟು ಬರ್ತಿದ್ದೆ.

ಕೆತ್ತನೆ ಸಂದಿಗಳಿಗೆ ಸ್ಕ್ರೇಪರ್ ಹೋಗಲ್ಲ. ಹಳೇ ಟೂತ್‌ಬ್ರಷ್, ಉರಿದು ಉಳಿದ ಊದಿನಕಡ್ಡಿಯ ಬಿದಿರು ಕಡ್ಡಿ, ತೆಂಗಿನ ನಾರು, ಇವೇ ಚೆನ್ನಾಗಿ ಕೆಲಸ ಮಾಡಿದ್ದು. ಸ್ಟೀಲ್ ವುಲ್ ಬೇಡ, ಕಬ್ಬಿಣದ ಚೂರು ಮರದಲ್ಲಿ ಉಳ್ಕೊಂಡ್ರೆ ನೀರು ತಾಗಿದಾಗ ಕಪ್ಪು ಚುಕ್ಕೆ ಆಗತ್ತೆ. ಒಂದು ಅನಾಹುತಾನೂ ಆಯ್ತು, ಕೆಳಗೆ ಬರೀ ನ್ಯೂಸ್‌ಪೇಪರ್ ಹಾಸಿದ್ದೆ, ಜೆಲ್ ಸೋರಿ ಪೇಪರ್ ನೆನೆದು ರೆಡ್ ಆಕ್ಸೈಡ್ ನೆಲದ ವ್ಯಾಕ್ಸ್ ಪಾಲಿಶ್ ಎದ್ದು ಊಟದ ತಟ್ಟೆಯಷ್ಟಗಲ ಮಂಕು ಕಲೆ ಬಿತ್ತು. ಅರವತ್ತು ವರ್ಷದ ನೆಲ ಅದು, ನೋಡಿದಾಗೆಲ್ಲಾ ಹೊಟ್ಟೆ ಉರಿಯತ್ತೆ. ಪ್ಲಾಸ್ಟಿಕ್ ಶೀಟ್ ಹಾಸಿ ಅಂಚಿಗೆ ಟೇಪ್ ಹಾಕಿ, ಅದರ ಮೇಲೆ ಪೇಪರ್ ಹಾಕಿ.

ಎಲ್ಲಾ ಬಣ್ಣ ಹೋದ್ಮೇಲೆ ಸೋಪ್ ನೀರಲ್ಲಿ ಸ್ಪಂಜ್ ಅದ್ದಿ ಒರೆಸ್ಬೇಕು, ಜೆಲ್ ಜಿಡ್ಡು ಉಳಿದ್ರೆ ಪಾಲಿಶ್ ಹಿಡಿಯಲ್ಲ. ಹಾಗೆ ಒರೆಸ್ತಿದ್ರೆ ಸ್ಪಂಜೆಲ್ಲಾ ಹಳದಿ ಹಳದಿ. ಬಣ್ಣ ಇನ್ನೂ ಉಳಿದಿದೆ ಅಂತ ಇನ್ನೊಂದು ಕೋಟ್ ಹಚ್ಚೋಕೆ ಹೊರಟಿದ್ದೆ, ಪಾಲಿಶ್ ಮಾತಾಡೋಕೆ ಬಂದಿದ್ದ ಆಚಾರ್ರು ತಡೆದ್ರು. ಒಂದು ಮೂಲೆಗೆ ನೀರು ಹಚ್ಚಿ, ಮೂಸಿ, ಬೆರಳಲ್ಲಿ ಉಜ್ಜಿ ನೋಡಿ, "ಇದು ತೇಗ ಅಲ್ಲಮ್ಮ, ಹೊನ್ನೆ. ಬಣ್ಣ ಮರದ್ದೇ" ಅಂದ್ರು. ಸಕ್ಕರೆ ಕಾಯಿಲೆಗೆ ಅಂತ ರಾತ್ರಿ ನೀರು ತುಂಬಿಟ್ಟು ಬೆಳಿಗ್ಗೆ ಕುಡೀತಾರಲ್ಲ ಹೊನ್ನೆ ಲೋಟ, ಅದೇ ಮರ. ನಮ್ಮತ್ತೆ ಈ ಮನೆಗೆ ಸೊಸೆಯಾಗಿ ಬಂದು ಐವತ್ತು ವರ್ಷದ ಮೇಲಾಯ್ತು, ಅವರಿಗೂ ಗೊತ್ತಿರ್ಲಿಲ್ಲ. ಕದದ ನಡುವಿನ ಪದ್ಮದ ಎಸಳುಗಳನ್ನ ಬೆರಳಲ್ಲಿ ಸವರಿ, "ಇದು ಇಷ್ಟು ಸಣ್ಣ ಕೆಲಸ ಅಂತ ನಾನೂ ನೋಡಿರ್ಲಿಲ್ವಲ್ಲೇ" ಅಂದ್ರು. ಮೊದಲ ದಿನ "ಆ ಬಾಗಿಲ ತಂಟೆಗೆ ಹೋಗ್ಬೇಡ" ಅಂದಿದ್ದೂ ಅವರೇ.

ಕೆರೆದ ಬಣ್ಣದ ವಿಷಯ ಯಾರೂ ಮಾತಾಡಲ್ಲ. ಅದು ಸೀಸ ಇರೋ ಕಸ, ಚರಂಡಿಗೆ ಹೋಗಬಾರದು, ಹೂಕುಂಡದ ಮಣ್ಣಿಗೆ ಅಂತೂ ಬೇಡವೇ ಬೇಡ. ನಾನು ಪೇಪರ್ ಮೇಲೆ ಒಣಗ್ಸಿ ಎರಡು ಕವರ್‌ಗೆ ಹಾಕಿ ಕಟ್ಟಿ, ಮೇಲೆ ಪೇಂಟ್ ಅಂತ ಬರೆದು, ಹಸಿ ಕಸ ಒಣ ಕಸದ ಜೊತೆ ಸೇರಿಸ್ದೆ ಕಸದ ಗಾಡಿಯವರಿಗೆ ಹೇಳಿ ಬೇರೆಯಾಗಿ ಕೊಟ್ಟೆ. ಒರೆಸಿದ ಬಟ್ಟೆ, ಸ್ಪಂಜೂ ಅದರಲ್ಲೇ. ಕೆಲಸದ ಬಟ್ಟೆನ ಮಗು ಬಟ್ಟೆ ಜೊತೆ ಒಗೀಬೇಡಿ.

ಖರ್ಚು ಹೇಳ್ತೀನಿ. ಬಾಗಿಲಿನ ಹೊರಮೈ ಮತ್ತೆ ಚೌಕಟ್ಟು ಸೇರಿ ಎರಡೂವರೆ ಲೀಟರ್ ಹಿಡೀತು, ಒಳಮೈಗೆ ಬರೀ ವಾರ್ನಿಷ್ ಇದ್ದಿದ್ರಿಂದ ಮುಟ್ಟಲಿಲ್ಲ. ಮೂರು ಡಬ್ಬಿಗೆ 3,300, ಗ್ಲೌಸು ಶೀಟು ಸ್ಕ್ರೇಪರು ಸ್ವಾಬು ಎಲ್ಲಾ ಸೇರಿ ನಾಲ್ಕೂವರೆ ಸಾವಿರದ ಹತ್ರ, ಜೊತೆಗೆ ಆರು ಭಾನುವಾರ. ಒಂದು ಲೀಟರಲ್ಲಿ ಇಡೀ ಬಾಗಿಲು ಆಗತ್ತೆ ಅಂತ ಮಾರೋರು ಬರ್ದಿದ್ದು ನಂಬ್ಬೇಡಿ, ಅದು ಒಂದೇ ಪದರ ಇದ್ರೆ ಮಾತ್ರ. ಬಾಡಿಗೆ ಮನೆ ಖಾಲಿ ಮಾಡೋಕೆ ಎರಡು ದಿನ ಇದೆ ಅನ್ನೋರಿಗೆ ಇದು ಆಗಲ್ಲ. ಮನೇಲಿ ಚಿಕ್ಕ ಮಕ್ಕಳಿದಾರೆ, ಹಳೇ ಮನೆ, ಕಿಟಕಿ ಬಾಗಿಲು ಒಂದೊಂದೇ ಮಾಡ್ತೀನಿ ಅನ್ನೋರು ಕಣ್ಮುಚ್ಚಿ ತಗೊಳ್ಳಿ.

ತೊಳೆದ ಮೇಲೆ ಮೂರು ದಿನ ನೆರಳಲ್ಲಿ ಆರಲಿಕ್ಕೆ ಬಿಟ್ಟು ಆಚಾರ್ರು ಪಾಲಿಶ್ ಹಾಕಿದ್ರು, ಸಂಕ್ರಾಂತಿ ಹೊತ್ತಿಗೆ ಬಾಗಿಲು ರೆಡಿ. ಇನ್ನು ಐದು ಕಿಟಕಿ ಇದಾವೆ, ಅವಕ್ಕೂ ಅದೇ ಹಸಿರು. ಅಲ್ಲೀವರೆಗೂ ಮಗಳ ಕೈಗೆ ಎಟುಕೋ ಕಡೆಯೆಲ್ಲಾ ಅಗಲದ ಟೇಪ್ ಅಂಟಿಸಿದೀನಿ, ಉಳಿದ ಅರ್ಧ ಲೀಟರ್ ಡಬ್ಬಿ ಗಟ್ಟಿ ಮುಚ್ಚಳ ಹಾಕಿ ಅಟ್ಟದ ಮೇಲಿಟ್ಟಿದೀನಿ, ಮಾರ್ಚ್‌ನಲ್ಲಿ ಬಿಸಿಲು ಏರಿದ ತಕ್ಷಣ ಮೊದಲು ಮಗಳ ರೂಮಿನ ಕಿಟಕಿ.